ತೆಳುಬಟ್ಟೆಯ ಅಂಚು

ದೊಡ್ಡಬಳ್ಳಾಪುರದ ಸೋದರಿಯೊಬ್ಬರು ಬರೆದ ಕಾಗದವು ಈ ತಿಂಗಳು ನಮ್ಮ ಮೇಜಿನ ಮೇಲೆ ಬಹುದಿನ ಹಾಗೆಯೇ ಉಳಿದಿತ್ತು. ಉತ್ತರ ಬರೆಯಲು ನಮಗೆ ಆಲಸ್ಯವಿತ್ತೆಂದಲ್ಲ. ಅವರು ಕೇಳಿರುವ ಪ್ರಶ್ನೆಗಳು ಎರಡು; ಮೊದಲನೆಯದಕ್ಕೆ ಉತ್ತರವು ನಮ್ಮ ಬೆರಳುಗಳಿಗೇ ತಿಳಿದಿರುವುದು, ಎರಡನೆಯದಕ್ಕೆ ಮಾತ್ರ ಮನಸ್ಸು ಹುಡುಕಬೇಕಾಯಿತು. ಇತರ ಸೋದರಿಯರಿಗೂ ಇದು ಉಪಯುಕ್ತವಾದೀತೆಂದು ಭಾವಿಸಿ ಇಲ್ಲಿಯೇ ಉತ್ತರ ಬರೆಯುತ್ತಿರುವೆವು.

ಕಾಗದದ ಸಾರಾಂಶವಿದು. ಬರೆದವರು ಆ ಊರಿನ ಉಡುಪು ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ಓವರ್‌ಲಾಕ್ ಯಂತ್ರದ ಮುಂದೆ ಕುಳಿತು ದುಡಿದವರು. ಎರಡನೆಯ ಮಗುವಾದ ಮೇಲೆ ಕೆಲಸವನ್ನು ಬಿಟ್ಟು, ಹಳೆಯದೊಂದು ಓವರ್‌ಲಾಕ್ ಯಂತ್ರವನ್ನು ಕೊಂಡು, ಮನೆಯ ಮುಂದಿನ ಕೋಣೆಯಲ್ಲಿ ಫಾಲ್ಸ್, ಪಿಕೊ ಕೆಲಸಗಳನ್ನು ಆರಂಭಿಸಿರುವರು. ಹತ್ತಿಯ ರವಿಕೆ, ಚೂಡಿದಾರಗಳ ಒಳಹೊಲಿಗೆಗಳು ಸೊಗಸಾಗಿಯೇ ಬರುವುವಂತೆ. ಆದರೆ ಜಾರ್ಜೆಟ್, ಶಿಫಾನ್, ಕ್ರೇಪ್ ಬಂದೊಡನೆ ಅಂಚು ಒಮ್ಮೆ ಅಲೆಯಲೆಯಾಗುವುದು, ಒಮ್ಮೆ ಸುಕ್ಕುಗಟ್ಟುವುದು, ಒಮ್ಮೊಮ್ಮೆ ಹೊಲಿಗೆಯೇ ಹಗ್ಗದಂತೆ ಬಟ್ಟೆಯಿಂದ ಕಳಚಿ ಕೈಗೆ ಬರುವುದು. ಕಳೆದ ಮದುವೆಯ ಕಾಲದಲ್ಲಿ ಬೀದಿಯವರೊಬ್ಬರು ಸಂಜೆ ತಂದುಕೊಟ್ಟು ಮಾರನೆಯ ಬೆಳಿಗ್ಗೆಗೆ ಬೇಕೆಂದ ಕ್ರೇಪ್ ಸೀರೆಗೆ ಅಂಚು ಹೊಲಿಯುವಾಗ, ಸೀರೆಯ ಮಡಿಕೆಯೊಂದು ಕಾಣದಂತೆ ಅಲಗಿನ ಕೆಳಗೆ ಸರಿದು ಎರಡು ಬೆರಳುದ್ದ ಸೀಳಿಹೋಯಿತು. ಒಡತಿಯು ಸೀರೆಯ ಪೂರ್ಣ ಬೆಲೆಯನ್ನು ಕೇಳುತ್ತಿರುವಳು. "ನನಗೆ ಬರಬೇಕಾಗಿದ್ದ ಕೂಲಿ ಒಂದು ಊಟದ ಬೆಲೆಯಷ್ಟೂ ಅಲ್ಲ. ಸೀರೆಯ ಬೆಲೆ ನನ್ನ ಮೂರು ತಿಂಗಳ ಸಂಪಾದನೆ. ನಾನು ಕೊಡಬೇಕೆ, ಅಮ್ಮ?" ಎಂದು ಅವರು ಕೇಳಿರುವರು. ಕಾಗದದೊಳಗೆ ನೇರಿಳೆಯ ಬಣ್ಣದ ಜಾರ್ಜೆಟ್ ಚೂರೊಂದನ್ನು ಮಡಿಸಿಟ್ಟು, "ಇದರ ಮೇಲೆ ಹೊಲಿದು ತೋರಿಸಿ" ಎಂದೂ ಬರೆದಿರುವರು.

ಈ ಕಾಗದವು ದೊಡ್ಡಬಳ್ಳಾಪುರದಿಂದಲೇ ಬಂದುದು ನಮಗೆ ಆಶ್ಚರ್ಯವಾಗಲಿಲ್ಲ. ಆ ಊರಿನ ಹಳೆಯ ಬೀದಿಗಳಲ್ಲಿ ನಡೆದುಹೋಗುವವರಿಗೆ ಮನೆಮನೆಯ ಒಳಗಿನಿಂದಲೂ ವಿದ್ಯುತ್ ಮಗ್ಗದ ಸದ್ದು ಕೇಳಿಬರುವುದು. ರೇಷ್ಮೆಯದೂ ಕೃತಕ ರೇಷ್ಮೆಯದೂ ಆದ ಸೀರೆಗಳು ಅಲ್ಲಿಂದ ನಾಡಿನ ಅಂಗಡಿಗಳಿಗೆ ಹೋಗುವುವು. ಊರಿನ ಹೊರವಲಯದಲ್ಲಿರುವ ಅಪಾರೆಲ್ ಪಾರ್ಕಿನಲ್ಲಿ ಹೊರದೇಶಗಳಿಗೆ ಹೋಗುವ ಉಡುಪುಗಳನ್ನು ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಬೆಳಗಾದರೆ ಸುತ್ತಣ ಹಳ್ಳಿಗಳಿಂದ ಬಸ್ಸುಗಳು ಅವರನ್ನು ತುಂಬಿಕೊಂಡು ಬರುವುವು. ಒಂದೇ ಊರಿನ ಈ ಎರಡು ಉದ್ಯೋಗಗಳು ಬಹುಕಾಲ ಒಂದರ ಮುಖವನ್ನೊಂದು ನೋಡದೆ ಬೆಳೆದುವು. ಈಗ ಕಾರ್ಖಾನೆಯಲ್ಲಿ ಕಲಿತ ಕೈ ಮನೆಗೆ ಬಂದು ಮಗ್ಗದ ಸೀರೆಯನ್ನು ಮುಟ್ಟುತ್ತಿರುವುದು. ತೊಡಕು ಇರುವುದೂ ಅಲ್ಲಿಯೇ. ಅಂಗಿಯ ಬಟ್ಟೆಯ ಮೇಲೆ ಕಲಿತ ವೇಗವನ್ನು ಸೀರೆಯ ನೂಲು ತಾಳಲಾರದು.

ಆ ನೂಲು ಎಷ್ಟು ತೆಳುವೆಂಬುದನ್ನು ಒಮ್ಮೆ ಯೋಚಿಸಿ ನೋಡಬೇಕು. ಹೊಸಕೋಟೆ, ದೇವನಹಳ್ಳಿಗಳ ಕಡೆಯ ಹೊಲಗಳಲ್ಲಿ ಹಿಪ್ಪುನೇರಳೆಯ ಸೊಪ್ಪನ್ನು ತಿಂದ ಹುಳು ಕಟ್ಟಿದ ಗೂಡಿನಿಂದ ಎಂಟೋ ಹತ್ತೋ ಎಳೆಗಳನ್ನು ಕೂಡಿಸಿ ಒಂದು ನೂಲನ್ನು ಬಿಚ್ಚುವರು. ಸಾಮಾನ್ಯವಾಗಿ ಅದು ೨೦-೨೨ ಡೆನಿಯರ್ ಇರುವುದು. ಎಂದರೆ ಒಂಬತ್ತು ಸಾವಿರ ಮೀಟರು ನೂಲು ಇಪ್ಪತ್ತೆರಡು ಗ್ರಾಮನ್ನು ಮೀರದು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಯವರೆಗೆ, ಸುಮಾರು ಇಪ್ಪತ್ತು ಕಿಲೋಮೀಟರು, ಇಂಥ ಒಂದು ನೂಲನ್ನು ಹಾಸಿದರೆ ಅದರ ತೂಕ ಐವತ್ತು ಗ್ರಾಮು ಆಗುವುದೋ ಇಲ್ಲವೋ! ಕ್ರೇಪ್ ಮತ್ತು ಜಾರ್ಜೆಟ್‌ಗಳಿಗೆ ಇದೇ ನೂಲಿಗೆ ಒಂದು ಮೀಟರಿಗೆ ೨೦೦೦ಕ್ಕೂ ಮೇಲೆ ಸುತ್ತು ಬರುವಂತೆ ಹುರಿಕೊಡುವರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೨ರಲ್ಲಿ, ಸ್ಥಾಪಿತವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯ ಕ್ರೇಪ್ ಸೀರೆಯನ್ನು ಉಟ್ಟವರಿಗೆ ಅದರ ಜಾರುಗುಣ ಗೊತ್ತೇ ಇರುವುದು. ಬಿಗಿಯಾಗಿ ಹುರಿಗೊಂಡ ನೂಲು ಸುತ್ತಿಟ್ಟ ತಂತಿಯ ಹಾಗೆ. ಕತ್ತರಿಸಿದೊಡನೆ ಬಿಚ್ಚಿಕೊಳ್ಳಲು ಹವಣಿಸುವುದು. ಇದರ ಮೇಲೆ, ಸಾಬೂನಿನ ನೀರಿನಲ್ಲಿ ಕುದಿಸಿ ಅಂಟನ್ನು ತೆಗೆದ ರೇಷ್ಮೆಯು ಬಲು ನಯವಾಗುವುದರಿಂದ ಪಕ್ಕದ ನೂಲು ಅದನ್ನು ಹಿಡಿದುಕೊಳ್ಳುವುದಿಲ್ಲ. ಆದುದರಿಂದಲೇ ರವಿಕೆಯ ತುಂಡನ್ನು ಕತ್ತರಿಸಿದ ತುದಿಯನ್ನು ಹಾಗೆಯೇ ಬಿಟ್ಟರೆ ಎರಡು ಬಾರಿ ಉಡುವಷ್ಟರಲ್ಲಿ ಬೆರಳಗಲ ಎಳೆಬಿಡುವುದು.

ನಮ್ಮ ಅಜ್ಜಿಯ ಕಾಲದವರು ಇದಕ್ಕೆ ಕೈಯಲ್ಲಿಯೇ ಪರಿಹಾರ ಮಾಡುತ್ತಿದ್ದರು. ಬೆರಳನ್ನು ತುಸು ಒದ್ದೆಮಾಡಿಕೊಂಡು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅಂಚನ್ನು ಬತ್ತಿಯಂತೆ ಹೊಸೆದು, ಆ ಸುರುಳಿಯನ್ನು ಸಣ್ಣ ಸೂಜಿಯಿಂದ ಹೆಮ್ಮಿಂಗು ಮಾಡುವುದು. ಫ್ರಾನ್ಸಿನ ಬೆಲೆಬಾಳುವ ರೇಷ್ಮೆ ಕೊರಳುವಸ್ತ್ರಗಳಿಗೆ ಈಗಲೂ ಕೈಯಿಂದಲೇ ಸುರುಳಿಯಂಚು ಹಾಕುವರು. ಅದಕ್ಕೆ ಸಮನಾದುದು ಇನ್ನೊಂದಿಲ್ಲವೆಂದು ನಾವು ಈ ಪುಟದಲ್ಲಿಯೇ ಹಿಂದೆ ವಾದಿಸಿದ್ದುಂಟು. ಆದರೆ ದಿನಕ್ಕೆ ಹತ್ತು ಸೀರೆಗಳನ್ನು ಮುಗಿಸಿದರೆ ಮಾತ್ರ ಮನೆ ನಡೆಯುವ ಹೆಂಗಸಿಗೆ, ಒಂದೊಂದು ತುದಿಗೆ ಒಂದು ಗಂಟೆ ಕುಳಿತುಕೊಳ್ಳಿರೆಂದು ಹೇಳುವುದು ಬುದ್ಧಿವಾದವಾಗದು.

ಯಂತ್ರವು ಮಾಡುವುದೂ ಆ ಸುರುಳಿಯನ್ನೇ. ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಮೆರೊ ಎಂಬ ಮನೆತನದವರು ತಮ್ಮ ಹೆಣಿಗೆಬಟ್ಟೆಯ ಕಾರ್ಖಾನೆಗಾಗಿ ೧೮೮೧ರಲ್ಲಿ ಓವರ್‌ಲಾಕ್ ಹೊಲಿಗೆಯನ್ನು ಸಾಧಿಸಿದರು. ೧೯೬೦ರ ದಶಕದಲ್ಲಿ ಜಪಾನಿನವರು ಅದನ್ನು ಮನೆಯ ಮೇಜಿಗೆ ಒಪ್ಪುವಷ್ಟು ಚಿಕ್ಕದು ಮಾಡಿದರು. ಅಮೆರಿಕದವರು ಇದನ್ನು ಸರ್ಜರ್ ಎನ್ನುವರು. ನಮ್ಮಲ್ಲಿ ಓವರ್‌ಲಾಕ್ ಎಂದರೇ ಎಲ್ಲರಿಗೂ ತಿಳಿಯುವುದು. ಪಿಕೊ ಎಂಬ ಮಾತೂ ಫ್ರೆಂಚರಿಂದ ಬಂದುದು. ಅಂಚಿನ ಸಣ್ಣ ಕುಣಿಕೆಗೆ ಅವರಿಟ್ಟ ಹೆಸರು. ನಮ್ಮ ಪೇಟೆಗಳಲ್ಲಿ ಹೆಚ್ಚಿನವರು ಪಿಕೊವನ್ನು ಜಿಗ್‌ಜಾಗ್ ಯಂತ್ರದಲ್ಲಿ ಮಾಡುವರು. ಅಲ್ಲಿ ಅಲಗಿರುವುದಿಲ್ಲ. ನಮ್ಮ ಸೋದರಿಯವರ ಬಳಿ ಇರುವುದು ಅಲಗುಳ್ಳ ಓವರ್‌ಲಾಕ್. ಈ ಭೇದವು ಬಹು ಮುಖ್ಯವಾದುದು.

ಏಕೆಂದರೆ ಓವರ್‌ಲಾಕ್ ಯಂತ್ರದಲ್ಲಿ ಸೂಜಿಗಿಂತ ಮುಂದೆ ಅಲಗು ಇರುವುದು. ಬಟ್ಟೆಯನ್ನು ಅದು ಮೊದಲು ಕತ್ತರಿಸುವುದು, ಆಮೇಲೆ ಹೊಲಿಯುವುದು. ಹೊಲಿಗೆ ಕೆಟ್ಟರೆ ಬಿಚ್ಚಬಹುದು, ಬಿಗಿ ತಪ್ಪಿದರೆ ಸರಿಪಡಿಸಬಹುದು, ದಾರದ ಬಣ್ಣ ಒಪ್ಪದಿದ್ದರೆ ಬದಲಿಸಬಹುದು. ಕತ್ತರಿಸಿಹೋದುದನ್ನು ಮಾತ್ರ ಯಾರೂ ಕೂಡಿಸಲಾರರು. ತೆಳುಬಟ್ಟೆಯ ಅಂಚು ಹೊಲಿಯುವಾಗ ನಾವು ಪಡುವ ಎಚ್ಚರಿಕೆಯಲ್ಲಿ ಮುಕ್ಕಾಲು ಪಾಲು ಆ ಅಲಗಿಗಾಗಿಯೇ ಇರಬೇಕು. ಕಾರ್ಖಾನೆಯಲ್ಲಿ ಕಲಿತವರ ಗಮನವೆಲ್ಲ ಸೂಜಿಯ ಕಡೆಗಿರುವುದು. ಅಲ್ಲಿ ಬಟ್ಟೆಯು ಚಿಕ್ಕ ಚಿಕ್ಕ ತುಂಡುಗಳಾಗಿ ಬರುವುದರಿಂದ ಅಲಗಿನ ಭಯವಿರುವುದಿಲ್ಲ. ಐದೂವರೆ ಮೀಟರಿನ ಸೀರೆಯು ಹಾಗಲ್ಲ. ಒಂದು ಮುಷ್ಟಿಯಷ್ಟು ಅಂಚು ಯಂತ್ರದಲ್ಲಿರುವಾಗ ಉಳಿದ ಸೀರೆಯೆಲ್ಲ ತೊಡೆಯ ಮೇಲೆ, ನೆಲದ ಮೇಲೆ ನೀರಿನಂತೆ ಹರಿದಾಡುತ್ತಿರುವುದು.

ನಾವೂ ಈ ತಪ್ಪಿಗೆ ಹೊರತಾದವರಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತಂಗಿಯ ಮಗಳ ಆರತಕ್ಷತೆಗೆಂದು ತಂದ ಶಿಫಾನ್ ದುಪಟ್ಟಕ್ಕೆ ರಾತ್ರಿ ಹನ್ನೊಂದು ಗಂಟೆಗೆ ಅಂಚು ಹೊಲಿಯಲು ಕುಳಿತೆವು. ಮೊದಲ ಗೇಣು ಎಷ್ಟು ಚೆನ್ನಾಗಿ ಬಂದಿತೆಂದರೆ, ಮನೆಯವರನ್ನು ಕರೆದು ತೋರಿಸಿದೆವು. ಎರಡನೆಯ ಗೇಣಿನಲ್ಲಿ ದುಪಟ್ಟದ ಮೂಲೆಯೊಂದು ಕೆಳಗೆ ಮಡಿಚಿಕೊಂಡು ಅಲಗಿಗೆ ಸಿಕ್ಕಿತು. ಆ ದುಪಟ್ಟವು ಈಗ ನಮ್ಮ ದೇವರ ಗೂಡಿಗೆ ಪರದೆಯಾಗಿರುವುದು. ದೀಪ ಹಚ್ಚುವಾಗಲೆಲ್ಲ ಕಣ್ಣಿಗೆ ಬೀಳುವುದು.

ಇನ್ನು ಕೆಲಸದ ಮಾತು. ಯಂತ್ರಕ್ಕೆ ಮೊದಲು ಮೇಜು. ಯಂತ್ರದ ಎಡಕ್ಕೂ ಹಿಂದಕ್ಕೂ ಸೀರೆಯನ್ನು ಹೊರುವಷ್ಟು ಜಾಗವಿರಬೇಕು. ಇಲ್ಲದಿದ್ದರೆ ಎಡಗಡೆ ಒಂದು ಅಗಲವಾದ ಬುಟ್ಟಿಯನ್ನಿಟ್ಟು, ಸೀರೆಯನ್ನು ಪದರಪದರವಾಗಿ ಮಡಿಸಿ ಅದರಲ್ಲಿಡಬೇಕು. ತೂಗಾಡುವ ಸೀರೆಯ ಭಾರವು ಅಂಚನ್ನು ಎಳೆಯುವುದರಿಂದಲೇ ಅರ್ಧ ಅಲೆಗಳು ಹುಟ್ಟುವುವು. ಹೊಲಿಯುವಾಗ ಎಡಗೈಯು ಅಂಚಿನ ಕೆಳಗೆ, ಅಂಗೈ ಮೇಲಾಗಿ, ಬಟ್ಟೆಯ ಅಡಿಯಲ್ಲಿಯೇ ಸರಿಯುತ್ತಿರಲಿ. ಕೆಳಗೆ ಮಡಿಕೆ ಬಂದಿದ್ದರೆ ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುವುದು. ನಮ್ಮ ಸೋದರಿಯವರು ಈ ಒಂದು ಅಭ್ಯಾಸವನ್ನು ಇಂದಿನಿಂದಲೇ ಹಿಡಿಯಬೇಕೆಂದು ನಮ್ಮ ಪ್ರಾರ್ಥನೆ. ಗುಂಡುಸೂಜಿಗಳನ್ನು ಅಂಚಿನ ಸಮೀಪದಲ್ಲಿ ಚುಚ್ಚಲೇಬಾರದು. ಅಲಗಿಗೆ ಸಿಕ್ಕಿದರೆ ಅಲಗೂ ಹೋಗುವುದು, ಚೂರು ಹಾರಿ ಕಣ್ಣಿಗೂ ಅಪಾಯ.

ವೇಗದ ವಿಚಾರ. ಕಾರ್ಖಾನೆಯ ಓವರ್‌ಲಾಕ್ ನಿಮಿಷಕ್ಕೆ ಆರು ಸಾವಿರ ಹೊಲಿಗೆಗಳವರೆಗೂ ಓಡುವುದು; ಮನೆಬಳಕೆಯ ಚಿಕ್ಕ ಯಂತ್ರವು ಅದರ ಕಾಲು ಭಾಗದಷ್ಟು. ಹಳೆಯ ಕಾರ್ಖಾನೆಯ ಯಂತ್ರವನ್ನು ಕೊಂಡವರಿಗೆ ಅದರ ಕ್ಲಚ್ ಮೋಟಾರು ಶತ್ರು; ಪೆಡಲನ್ನು ಮುಟ್ಟಿದೊಡನೆ ಹಾರಿಬೀಳುವುದು. ಸರ್ವೊ ಮೋಟಾರೆಂಬುದನ್ನು ಹಾಕಿಸಿದರೆ ವೇಗದ ಮಿತಿಯನ್ನು ನಾವೇ ಇಡಬಹುದು, ವಿದ್ಯುತ್ತೂ ಕಡಿಮೆ ಹಿಡಿಯುವುದು. ಹೊಸ ಯಂತ್ರವನ್ನು ಕೊಳ್ಳುವುದಕ್ಕಿಂತ ಮೊದಲು ಈ ಖರ್ಚನ್ನು ಮಾಡುವುದು ಲೇಸು.

ಸೀರೆಯ ತುದಿಯನ್ನು ನೇರ ಮಾಡಿಕೊಳ್ಳುವುದು ಮುಂದಿನ ಕೆಲಸ. ಅಡ್ಡಲಾಗಿರುವ ಹೊಕ್ಕಿನ ನೂಲೊಂದನ್ನು ಸೂಜಿಯಿಂದ ಎತ್ತಿ ಮೆಲ್ಲನೆ ಎಳೆದರೆ ಬಟ್ಟೆಯ ಮೇಲೆ ಒಂದು ಗೆರೆ ಕಾಣಿಸುವುದು. ಆ ಗೆರೆಯ ಮೇಲೆಯೇ ಕತ್ತರಿಸಬೇಕು. ಜಾರ್ಜೆಟ್‌ನ ನೂಲು ನಡುನಡುವೆ ತುಂಡಾಗುವುದು ಸಹಜ. ತುಂಡಾದಲ್ಲಿ ಮತ್ತೆ ಎತ್ತಿಕೊಂಡರಾಯಿತು. ಕಣ್ಣಳತೆಯಲ್ಲಿ ಕತ್ತರಿಸಿದ ಅಂಚು ಓರೆಯಾಗುವುದು, ಓರೆಯಾದ ಅಂಚು ಹಿಗ್ಗುವುದು, ಹಿಗ್ಗಿದುದು ಅಲೆಯಾಗುವುದು. ಆಮೇಲೆ ಯಂತ್ರವನ್ನು ಬೈದು ಫಲವಿಲ್ಲ. ಅಲಗಿಗೆ ಕಾಲಂಗುಲದಷ್ಟು ಬಟ್ಟೆಯನ್ನು ಉಳಿಸಿರಬೇಕು. ಅದು ಸವರಿದ ತಾಜಾ ಅಂಚೇ ಸುರುಳಿಯಾಗಬೇಕು. ಹತ್ತಿಯ ಮಲ್ಲು, ವಾಯಿಲ್‌ಗಳಾದರೆ ಅಂಚಿಗೆ ತೆಳುವಾದ ಗಂಜಿಯನ್ನು ಸವರಿ ಒಣಗಿಸಿಕೊಂಡರೆ ಕಾಗದದಂತೆ ನಿಲ್ಲುವುದು. ರೇಷ್ಮೆಗೆ ಹೀಗೆ ಮಾಡಬಾರದು, ಕಲೆ ನಿಲ್ಲುವುದು. ನೀರಿನಲ್ಲಿ ಕರಗುವ ತೆಳುಹಾಳೆಯನ್ನು ಅಂಚಿನೊಡನೆ ಸೇರಿಸಿ ಹೊಲಿಯುವವರುಂಟು. ಒಗೆಯಬಹುದಾದ ಪಾಲಿಯೆಸ್ಟರ್ ಜಾರ್ಜೆಟ್‌ಗೆ ಅದು ಒಳ್ಳೆಯದು.

ಸೀರೆಯು ನಿಜವಾದ ರೇಷ್ಮೆಯೋ ಅಲ್ಲವೋ ಎಂಬುದನ್ನು ಮೊದಲೇ ತಿಳಿದಿರಬೇಕು; ಇಸ್ತ್ರಿಯ ಕಾವು ಅದನ್ನನುಸರಿಸುವುದು. ಕತ್ತರಿಸಿದ ನೂಲಿನ ಎರಡೆಳೆಗಳನ್ನು ಉರಿಗೆ ಹಿಡಿದರೆ ರೇಷ್ಮೆಯು ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಬೂದಿಯಾಗುವುದು, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುವುದು, ರೇಯಾನ್ ಕಾಗದದಂತೆ ಉರಿಯುವುದು. ಒಡತಿಯ ಮುಂದೆ ಮಾತ್ರ ಈ ಪರೀಕ್ಷೆ ಬೇಡ. ಅಂಗಡಿಯವನ ಸುಳ್ಳು ಹೊರಬಿದ್ದು ನಮಗೆ ಇಲ್ಲದ ಜಗಳ ಅಂಟಿಕೊಂಡೀತು.

ಈಗ ಯಂತ್ರ. ಸುರುಳಿಯಂಚಿಗೆ ಮೂರು ದಾರಗಳು ಸಾಕು: ಸೂಜಿಗೆ ಒಂದು, ಮೇಲಿನ ಲೂಪರಿಗೆ ಒಂದು, ಕೆಳಗಿನ ಲೂಪರಿಗೆ ಒಂದು. ನಾಲ್ಕು ದಾರದ ಯಂತ್ರವಾದರೆ ಎಡಗಡೆಯ ಸೂಜಿಯನ್ನು ತೆಗೆದುಬಿಡಬೇಕು. ಸೂಜಿಯು ೯ನೆಯ ಅಂಕೆಯದು, ಹೆಚ್ಚೆಂದರೆ ೧೧. ಹದಿನಾಲ್ಕರ ಸೂಜಿಯು ಶಿಫಾನ್‌ನಲ್ಲಿ ಸಾಲಾಗಿ ತೂತು ಮಾಡಿ ಅಂಚೆಚೀಟಿಯ ಹಾಳೆಯಂತೆ ಮಾಡುವುದು, ಎಳೆದರೆ ಹರಿಯುವುದು. ಕಾರ್ಖಾನೆಯ ಯಂತ್ರಗಳಿಗೆ ಬೇರೆ ಜಾತಿಯ ಸೂಜಿಯಾದುದರಿಂದ ಅದೇ ಜಾತಿಯಲ್ಲಿ ಸಣ್ಣದನ್ನು ಕೇಳಿ ತರಬೇಕು. ಮನೆಬಳಕೆಯ ಯಂತ್ರದಲ್ಲಿ ಹೊಲಿಗೆಯು ಸುತ್ತಿಕೊಳ್ಳುವ ಒಂದು ಸಣ್ಣ ಲೋಹದ ಬೆರಳಿರುವುದು. ಅದನ್ನು ಹಿಂದಕ್ಕೆ ಸರಿಸಿದರೆ ಅಂಚು ಒಳಕ್ಕೆ ಸುರುಳಿಕೊಳ್ಳುವುದು. ಹಳೆಯ ಕಾರ್ಖಾನೆಯ ಯಂತ್ರದಲ್ಲಿ ಇದನ್ನು ಸರಿಸಲು ಬಾರದು. ಸುರುಳಿಯಂಚಿಗೆ ಬೇರೆ ಪ್ಲೇಟನ್ನೂ ಪಾದವನ್ನೂ ಹಾಕಬೇಕು. ನಮ್ಮ ಸೋದರಿಯವರ ಕಾಗದದಲ್ಲಿ ಪ್ಲೇಟಿನ ಪ್ರಸ್ತಾಪವೇ ಇಲ್ಲದಿರುವುದನ್ನು ನೋಡಿದರೆ, ಅಂಗಿಯ ಪ್ಲೇಟಿನಲ್ಲಿಯೇ ಅವರು ಜಾರ್ಜೆಟ್ ಹೊಲಿಯುತ್ತಿರುವರೋ ಎಂಬ ಸಂದೇಹ ನಮಗೆ. ಹಾಗಿದ್ದರೆ ಅವರ ತೊಂದರೆಗಳಲ್ಲಿ ಅರ್ಧವು ಅಲ್ಲಿಯೇ ಪರಿಹಾರವಾಗುವುದು.

ಬಿಗಿಯ ಮರ್ಮ ಇಷ್ಟೇ. ಕೆಳಗಿನ ಲೂಪರಿನ ದಾರವನ್ನು ಚೆನ್ನಾಗಿ ಬಿಗಿಮಾಡಬೇಕು, ಮೇಲಿನದನ್ನು ಸಡಿಲಿಸಬೇಕು. ಆಗ ಕೆಳಗಿನ ದಾರವು ಮೇಲಿನ ದಾರವನ್ನು ಅಂಚಿನ ಮೇಲಿಂದ ತನ್ನ ಕಡೆಗೆ ಎಳೆದುಕೊಳ್ಳುವುದು. ಅದರೊಡನೆ ಬಟ್ಟೆಯೂ ಸುತ್ತಿಕೊಳ್ಳುವುದು. ಸರಿಯಾದಾಗ ಕೆಳಗಿನ ದಾರವು ಹಿಂಬದಿಯಲ್ಲಿ ಒಂದು ನೇರವಾದ ಗೆರೆಯಂತೆ ಮಾತ್ರ ಕಾಣುವುದು, ಎರಡು ಬದಿಗಳನ್ನೂ ಮೇಲಿನ ದಾರವೇ ಮುಚ್ಚಿರುವುದು. ಆದುದರಿಂದ ಸೀರೆಯ ಬಣ್ಣಕ್ಕೆ ಹೊಂದಿಸಬೇಕಾದುದು ಮುಖ್ಯವಾಗಿ ಮೇಲಿನ ಲೂಪರಿನ ದಾರ. ಹಣ ಉಳಿಸಬೇಕಾದವರು ಉಳಿದೆರಡನ್ನು ಸಮೀಪದ ಬಣ್ಣದಲ್ಲಿಟ್ಟುಕೊಳ್ಳಬಹುದು. ಉಬ್ಬು ನೈಲಾನ್ ದಾರವು ಸಿಕ್ಕಿದರೆ ಮೇಲಿನ ಲೂಪರಿಗೆ ಅದೇ ಉತ್ತಮ. ಅದು ಹರಡಿಕೊಂಡು ಅಂಚನ್ನು ಪೂರ್ಣವಾಗಿ ಮುಚ್ಚುವುದು. ಸೂಜಿಯ ದಾರವು ತುಸು ಸಡಿಲವೇ ಇರಲಿ.

ದೋಷವನ್ನು ಚೂರಿನ ಮೇಲೆ ಓದಿಕೊಳ್ಳಬೇಕು. ಅಂಚು ಸುಕ್ಕುಗಟ್ಟಿದರೆ ಸೂಜಿಯ ದಾರವು ಬಿಗಿ; ಇಲ್ಲವೆ ಬಟ್ಟೆಯನ್ನು ಎಳೆದುಕೊಳ್ಳುವ ಮುಂದಿನ ಹಲ್ಲುಗಳು ಹೆಚ್ಚಾಗಿ ತಳ್ಳುತ್ತಿರುವುವು. ಇವುಗಳ ವೇಗವನ್ನು ಬದಲಿಸುವ ಗುಂಡಿಯು ಯಂತ್ರದಲ್ಲಿದ್ದರೆ ಒಂದಕ್ಕಿಂತ ಕೆಳಗೆ, ಮುಕ್ಕಾಲಿನ ಹತ್ತಿರ ಇಡಬೇಕು. ಅಲೆಯಾದರೆ ಇದಕ್ಕೆ ವಿರುದ್ಧವಾಗಿ ಒಂದಕ್ಕಿಂತ ಮೇಲಕ್ಕೆ. ಹೊಲಿಗೆಯು ಹಗ್ಗದಂತೆ ಕಳಚಿ ಬರುವುದೆಂದು ಸೋದರಿಯವರು ಬರೆದಿರುವರಲ್ಲ, ಅದಕ್ಕೆ ಎರಡು ಕಾರಣಗಳು: ಹೊಲಿಗೆಗಳು ಒತ್ತೊತ್ತಾಗಿ ಬಿದ್ದು ಬಟ್ಟೆಯನ್ನು ಕತ್ತರಿಸುತ್ತಿರುವುದು, ಇಲ್ಲವೆ ಸುರುಳಿಯೊಳಗೆ ಸಾಕಷ್ಟು ಬಟ್ಟೆ ಇಲ್ಲದಿರುವುದು. ಹೊಲಿಗೆಯ ಉದ್ದವನ್ನು ಒಂದೂವರೆ ಮಿಲಿಮೀಟರಿನವರೆಗೆ ಹೆಚ್ಚಿಸಿ, ಅಲಗನ್ನು ತುಸು ಹೊರಕ್ಕೆ ಸರಿಸಿ ನೋಡಬೇಕು. ಅಂಚಿನಿಂದ ಮೀಸೆಯಂತೆ ನೂಲುಗಳು ಹೊರಗೆ ಚಾಚಿದರೂ ಇದೇ ಉಪಾಯ. ಇಷ್ಟೆಲ್ಲವನ್ನೂ ಅದೇ ಸೀರೆಯ ಚೂರಿನ ಮೇಲೆ, ಸೀರೆಯನ್ನು ಹೊಲಿಯುವ ದಿಕ್ಕಿನಲ್ಲಿಯೇ ನೋಡಬೇಕು. ಹಾಸಿನ ಉದ್ದಕ್ಕೆ ಸುಲಭವಾಗಿ ಸುರುಳಿಕೊಂಡ ಬಟ್ಟೆಯು ಅಡ್ಡಕ್ಕೆ ಹಟಮಾಡುವುದುಂಟು.

ಆರಂಭದಲ್ಲಿ ಮೂರು ನಾಲ್ಕು ಅಂಗುಲ ಬರಿಯ ದಾರದ ಸರಪಣಿಯನ್ನು ಓಡಿಸಿ, ಬಟ್ಟೆ ಒಳಗೆ ಹೋಗುವಾಗ ಆ ಬಾಲವನ್ನು ಹಿಂದಿನಿಂದ ಹಗುರವಾಗಿ ಹಿಡಿದಿರಬೇಕು. ಇಲ್ಲವಾದರೆ ಯಂತ್ರವು ಬಟ್ಟೆಯ ಮೂಲೆಯನ್ನು ನುಂಗಿಬಿಡುವುದು. ಹಿಡಿದಿರಬೇಕೆಂದೆವು, ಎಳೆಯಬೇಕೆನ್ನಲಿಲ್ಲ. ಕೊನೆಯಲ್ಲಿಯೂ ಅಷ್ಟೇ ಬಾಲವನ್ನು ಬಿಟ್ಟು, ಮೊಂಡು ಸೂಜಿಗೆ ಪೋಣಿಸಿ ಸುರುಳಿಯೊಳಗೆ ಒಂದಂಗುಲ ಹಿಂದಕ್ಕೆ ತೂರಿಸಿ ಆಮೇಲೆ ಕತ್ತರಿಸಬೇಕು. ಬಾಲವನ್ನು ಅಂಚಿಗೇ ಕತ್ತರಿಸಿ ಕೊಡುವ ಅವಸರದವರ ಕೆಲಸವು ಎರಡನೆಯ ಒಗೆತಕ್ಕೆ ಬಿಚ್ಚಿಕೊಳ್ಳುವುದು.

ಜರಿಯ ಸೆರಗಿಗೆ ಒಂದು ಮಾತು ಬೇರೆಯಾಗಿಯೇ ಬೇಕು. ಸೀರೆಯ ಎರಡು ಅಂಚುಪಟ್ಟಿಗಳಲ್ಲಿ ಜರಿಯು ಹಾಸಿನಲ್ಲಿರುವುದರಿಂದ ತುದಿಯಲ್ಲಿ ಅದರ ಕತ್ತರಿಸಿದ ಮೊನೆಗಳು ಗಟ್ಟಿಯಾಗಿ ನಿಂತಿರುವುವು. ಸುರುಳಿಗೆ ಬಗ್ಗುವುದಿಲ್ಲ, ಅಲಗನ್ನೂ ಮೊಂಡುಮಾಡುವುವು. ಅಲ್ಲಿ ಪೆಡಲನ್ನು ಬಿಟ್ಟು ಗಾಲಿಯನ್ನು ಕೈಯಿಂದ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕಬೇಕು. ಅಗಲವಾದ ಜರಿಯ ಸೆರಗಾದರೆ ಯಂತ್ರದ ಸಹವಾಸವೇ ಬೇಡವೆಂಬುದು ನಮ್ಮ ಅಭಿಪ್ರಾಯ. ಎರಡು ಸೀರೆಗಳ ನಡುವೆ ನೇಯದೆ ಬಿಟ್ಟ ಹಾಸಿನ ನೂಲುಗಳು ಸೆರಗಿನ ತುದಿಯಲ್ಲಿರುವುವಲ್ಲ, ಅವನ್ನೇ ಹಿಡಿಹಿಡಿಯಾಗಿ ಗಂಟಿಕ್ಕಿ ಕುಚ್ಚು ಕಟ್ಟುವುದು ನಮ್ಮ ಹಿರಿಯರು ಕಂಡುಕೊಂಡ ಅಂಚು. ಅದರಲ್ಲಿ ಕತ್ತರಿಗೆ ಕೆಲಸವೇ ಇಲ್ಲ. ಯಂತ್ರವು ಸೊಂಟಕ್ಕೆ ಸಿಕ್ಕಿಸುವ ತುದಿಗಿರಲಿ.

ಫಾಲ್ಸಿನ ವಿಚಾರವು ಇಂದಿನದಲ್ಲ. ಅದನ್ನು ಹೊಲಿಯುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿರಬೇಕೆಂದು ಮಾತ್ರ ಜ್ಞಾಪಿಸುವೆವು.

ಈಗ ಎರಡನೆಯ ಪ್ರಶ್ನೆ. ನಾವು ನ್ಯಾಯಾಧೀಶರಲ್ಲ, ಒಡತಿಯ ಮಾತನ್ನು ಕೇಳಿಯೂ ಇಲ್ಲ. ಆದರೂ ನಮಗೆ ತೋರಿದುದನ್ನು ಮರೆಮಾಡದೆ ಹೇಳುವೆವು. ಅಲಗಿಗೆ ಸಿಕ್ಕಿದುದು ಸೋದರಿಯವರ ಕೈಯಲ್ಲಿ. ಚೂರಿನ ಮೇಲೆ ನೋಡದೆ, ಸರಿಯಾದ ಪ್ಲೇಟಿಲ್ಲದೆ ಹೊಲಿದುದು ಅವರ ತಪ್ಪೇ ಸರಿ. ಆದರೆ ಸೂರ್ಯ ಮುಳುಗಿದ ಮೇಲೆ ಸೀರೆಯನ್ನು ತಂದು ಮುಂಜಾನೆಗೆ ಬೇಕೆಂದವರು, ಪರೀಕ್ಷೆಗೆ ಒಂದು ಬೆರಳಗಲದ ಚೂರನ್ನೂ ಕೊಡದವರು, ಸಾವಿರಾರು ರೂಪಾಯಿಯ ವಸ್ತುವನ್ನು ಹತ್ತಾರು ರೂಪಾಯಿಯ ಕೂಲಿಗೆ ಒಪ್ಪಿಸಿ ಇಡೀ ಅಪಾಯವನ್ನು ಆ ಕೂಲಿಯವಳ ತಲೆಯ ಮೇಲೆ ಹೊರಿಸುವವರು, ತಮಗೂ ಇದರಲ್ಲಿ ಪಾಲಿಲ್ಲವೆಂದು ಹೇಳಲಾರರು. ನೇಯುವವನು ತಪ್ಪಿದರೆ ಸೀರೆಯು ಎರಡನೆಯ ದರ್ಜೆಗೆ ಹೋಗಿ ಕಡಿಮೆಗೆ ಮಾರಿಹೋಗುವುದು. ಅಂಗಡಿಯವನು ತಪ್ಪಿದರೆ ಬದಲಿಸಿಕೊಡುವನು. ಕೊನೆಯ ಕಾಲಂಗುಲದಲ್ಲಿ ತಪ್ಪಿದವಳೊಬ್ಬಳೇ ಪೂರ್ಣ ಬೆಲೆ ತೆರಬೇಕೆಂಬುದು ನಮಗೆ ಸರಿದೋರದು. ಸೋದರಿಯವರು ಕೂಲಿಯನ್ನು ಬಿಟ್ಟುಕೊಟ್ಟು, ಸೀರೆಯನ್ನು ತಮ್ಮ ಖರ್ಚಿನಿಂದಲೇ ಸರಿಪಡಿಸಿಕೊಡುವುದಾಗಿ ಹೇಳಲಿ. ಅದಕ್ಕೂ ಮೀರಿ ಉಳಿದ ನಷ್ಟವಿದ್ದರೆ ಅರ್ಧದಷ್ಟನ್ನು ಕಂತಿನಲ್ಲಿ ಒಪ್ಪಿಕೊಳ್ಳಲಿ. ಅದಕ್ಕಿಂತ ಹೆಚ್ಚಿಗೆ ತಲೆಬಾಗಬೇಕಾದುದಿಲ್ಲ.

ಸರಿಪಡಿಸುವ ದಾರಿಯೂ ಇಲ್ಲದಿಲ್ಲ. ಸೀಳು ಯಾವ ತುದಿಯಲ್ಲಿದೆಯೆಂದು ಅವರು ಬರೆದಿಲ್ಲ. ಒಳತುದಿಯಲ್ಲಾದರೆ ಸೀಳಿನ ಮೇಲಕ್ಕೆ ನೂಲೆಳೆದು ಅಡ್ಡಕ್ಕೆ ಕತ್ತರಿಸಿ ಮತ್ತೆ ಅಂಚು ಹೊಲಿಯಬಹುದು. ಸೀಳು ಎರಡು ಬೆರಳುದ್ದವಾದರೆ ಸೀರೆಯು ಮೂರು ಬೆರಳು ಗಿಡ್ಡವಾದೀತು. ಐದೂವರೆ ಮೀಟರಿನಲ್ಲಿ ಮೂರು ಬೆರಳನ್ನು ಯಾವ ಸೊಂಟವೂ ಕಂಡುಹಿಡಿಯದು. ಸೆರಗಿನಲ್ಲಾದರೆ, ಸೀಳನ್ನು ಅದೇ ಬಣ್ಣದ ಒಂಟಿ ಎಳೆ ರೇಷ್ಮೆಯಿಂದ ಕೂಡಿಸಿ, ಅದನ್ನು ಮುಚ್ಚುವಂತೆ ಸೆರಗಿನ ಉದ್ದಕ್ಕೂ ಕಿರಿದಾದ ಪಟ್ಟಿಯನ್ನು ಹೊಲಿದು, ಅದರ ಕೆಳಗೆ ಕ್ರೋಶಾ ಕುಚ್ಚನ್ನು ಹಾಕಿಸಬಹುದು. ಹಾಗೆ ಮಾಡಿದ ಸೀರೆಯು ಮೊದಲಿಗಿಂತ ಚೆನ್ನಾಯಿತೆಂದು ಒಡತಿಯೇ ಹೇಳಿದುದನ್ನು ನಾವು ಒಮ್ಮೆ ಕೇಳಿರುವೆವು. ಎಲ್ಲ ಒಡತಿಯರೂ ಹಾಗಿರುವರೆಂದು ಭರವಸೆ ಕೊಡಲಾರೆವು.

ಇನ್ನು ಮುಂದೆ ಸೀರೆಯನ್ನು ತೆಗೆದುಕೊಳ್ಳುವಾಗಲೇ ಎರಡು ಮಾತುಗಳನ್ನು ಬಾಯಿಬಿಟ್ಟು ಹೇಳಬೇಕು: ರವಿಕೆಯ ತುಂಡಿನ ಅಂಚಿನಿಂದ ಎರಡು ಬೆರಳಗಲದ ಪಟ್ಟಿಯನ್ನು ಪರೀಕ್ಷೆಗೆ ಕೊಡಿ, ತೆಳುಬಟ್ಟೆಗೆ ಎರಡು ದಿನ ಬೇಕು, ಕೂಲಿಯೂ ತುಸು ಹೆಚ್ಚು. ಇದಕ್ಕೆ ಒಪ್ಪದವರು ಬೇರೆ ಕಡೆ ಹೋದರೆ ಹೋಗಲಿ. ಸೀರೆಯನ್ನು ಕೊಡುವ ನಮ್ಮ ವಾಚಕಿಯರೂ, ಕೇಳುವ ಮೊದಲೇ ಆ ಪಟ್ಟಿಯನ್ನು ಕತ್ತರಿಸಿ ಸೀರೆಯೊಡನೆ ಇಟ್ಟುಕೊಡುವುದಾದರೆ ಎಷ್ಟೋ ಮನೆಗಳ ಜಗಳ ತಪ್ಪೀತು. ಪ್ಲೇಟು, ಮೋಟಾರುಗಳಿಗೆ ಹಣವಿಲ್ಲವೆನ್ನುವವರು, ೨೦೨೩ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಹೊಲಿಗೆಯೂ ಒಂದೆಂಬುದನ್ನು ತಿಳಿದಿರಬೇಕು. ತರಬೇತಿ, ಉಪಕರಣಗಳಿಗೆ ೧೫,೦೦೦ ರೂಪಾಯಿಗಳ ಸಹಾಯ, ಶೇಕಡಾ ೫ರ ಬಡ್ಡಿಯ ಸಾಲ, ಇವು ಆ ಯೋಜನೆಯೊಳಗ��ರುವುವು. ಈಗ ಅರ್ಜಿಗೆ ಅವಕಾಶವಿದೆಯೇ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿಯೋ ನಗರಸಭೆಯಲ್ಲಿಯೋ ವಿಚಾರಿಸುವುದು.

ಸೋದರಿಯವರು ಕಳುಹಿಸಿದ ನೇರಿಳೆ ಜಾರ್ಜೆಟ್ ಚೂರಿನ ನಾಲ್ಕು ಬದಿಗಳಿಗೂ ಅಂಚು ಹೊಲಿದು ಅಂಚೆಯಲ್ಲಿ ಹಿಂದಿರುಗಿಸುತ್ತಿರುವೆವು. ಒಂದೊಂದು ಬದಿಯ ಪಕ್ಕದಲ್ಲಿಯೂ ಹೊಲಿಗೆಯ ಉದ್ದವನ್ನೂ ಬಿಗಿಯ ಅಂಕಿಗಳನ್ನೂ ಕಾಗದದ ಚೀಟಿಯಲ್ಲಿ ಬರೆದು ಲಗತ್ತಿಸಿದೆ. ಮೂರನೆಯ ಬದಿಯಲ್ಲಿ ಎರಡು ನೂಲುಗಳು ಹೊರಗೆ ಚಾಚಿರುವುವು. ಕತ್ತರಿಸಿ ಮರೆಮಾಡಬಹುದಾಗಿತ್ತು, ಹಾಗೆಯೇ ಬಿಟ್ಟಿರುವೆವು. ಅಲ್ಲಿ ಅಲಗನ್ನು ಎಷ್ಟು ಸರಿಸಬೇಕಾಗಿತ್ತೆಂಬುದನ್ನು ನಾಲ್ಕನೆಯ ಬದಿಯೊಡನೆ ಹೋಲಿಸಿ ಅವರೇ ಕಂಡುಕೊಳ್ಳಲಿ.